ಪುಡಿ ಅಂಗಡಿಯ ಘಮ

ಮಲ್ಲೇಶ್ವರದಲ್ಲೋ ಗಾಂಧಿಬಜಾರಿನಲ್ಲೋ ಕಾಫಿ ಪುಡಿ ಅಂಗಡಿ ಹಾದುಹೋದರೆ ಹುರಿದ ಬೀಜದ ಘಮ ನಿಮ್ಮನ್ನು ನಿಲ್ಲಿಸುತ್ತದೆ. ಆ ಬೀಜ ಬರುತ್ತಿದ್ದ ದಾರಿಯೇ ಬೇರೆ. ಎರಡನೇ ಮಹಾಯುದ್ಧದ ಕಾಲದಿಂದ ಬೆಳೆಗಾರ ಫಸಲನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಹುರಿಯುವವರು ಮಂಡಳಿಯ ಹರಾಜಿನಲ್ಲಿ ಕೊಳ್ಳಬೇಕಿತ್ತು. ಕೊಡಗಿನದಿರಲಿ, ಚಿಕ್ಕಮಗಳೂರಿನದಿರಲಿ, ತೋಟದ ಹೆಸರು ರಾಶಿಯಲ್ಲಿ ಕರಗಿಹೋಗುತ್ತಿತ್ತು. 90ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡ ಈ ಕಟ್ಟು 1996ರಲ್ಲಿ ಪೂರ್ತಿ ಬಿಚ್ಚಿತು. ಇಂದಿನ ಪುಟ್ಟ ಕೆಫೆಗಳು ಪೊಟ್ಟಣದ ಮೇಲೆ ತೋಟದ ಹೆಸರು ಅಚ್ಚುಹಾಕಲು ಸಾಧ್ಯವಾದದ್ದು ಹಾಗೆ.

ಆದರೆ ಎದುರಿಗೇ ಪುಡಿಮಾಡಿ, ‘ಚಿಕೋರಿ ಎಷ್ಟು ಹಾಕಲಿ?’ ಎಂದು ಕೇಳುವ ಹಳೆಯ ಅಂಗಡಿಯವರ ಪಾಡು? 2024ರಲ್ಲಿ ರೊಬಸ್ಟಾ ಬೆಲೆ ಗಗನಕ್ಕೇರಿತು. ಬೆಳೆಗಾರರಿಗೆ ಖುಷಿಯೇ, ಬಿಡಿ. ಅಂಗಡಿಯವರ ಮುಂದಿದ್ದದ್ದು ಎರಡೇ ದಾರಿ: ದರ ಏರಿಸುವುದು, ಇಲ್ಲವೇ ಚಿಕೋರಿ ಹೆಚ್ಚಿಸುವುದು. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಕೂಡದೆಂಬುದು ನಿಯಮ. ಪೊಟ್ಟಣ ತಿರುಗಿಸಿ ನೋಡಿ, ಪ್ರಮಾಣ ಅಲ್ಲೇ ಬರೆದಿರಬೇಕು.