ಕೋಣೆ ಕೇಳುವವರು, ಕೋಣೆ ಕೊಡುವವರು



ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಆರಂಭವಾಗುತ್ತದೆ. ಆ ದಿನಗಳಲ್ಲಿ ಮ್ಯೂನಿಕ್‌ನ ಮುಖ್ಯ ರೈಲು ನಿಲ್ದಾಣದಲ್ಲಿ ಎರಡು ಸೂಟ್‌ಕೇಸುಗಳನ್ನು ಎಳೆದುಕೊಂಡು ಇಳಿಯುವ ಭಾರತೀಯ ವಿದ್ಯಾರ್ಥಿಗಳನ್ನು ಕಾಣುವುದು ಈಗ ಸಾಮಾನ್ಯ. 2023-24ರ ಚಳಿಗಾಲದಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು ಸುಮಾರು 49 ಸಾವಿರ. ವಿದೇಶಿ ವಿದ್ಯಾರ್ಥಿಗಳಲ್ಲಿ ಅವರದೇ ಅತಿದೊಡ್ಡ ಗುಂಪು. ಅವರಲ್ಲಿ ಹಾಸನದವರೂ ಕಲಬುರಗಿಯವರೂ ಇದ್ದಾರೆ. ಕೈಯಲ್ಲಿ ಪ್ರವೇಶಪತ್ರವಿದೆ, ವೀಸಾ ಇದೆ, ಊರಿನಲ್ಲಿ ಹೊಲವನ್ನೋ ಮನೆಯನ್ನೋ ಒತ್ತೆಯಿಟ್ಟು ತಂದ ಸಾಲವಿದೆ. ಇಲ್ಲದಿರುವುದು ಒಂದೇ, ವಿಳಾಸ.

ಮೊದಲು ಲೆಕ್ಕವನ್ನೇ ನೋಡಬೇಕು. ವೀಸಾ ಪಡೆಯಲು ವಿದ್ಯಾರ್ಥಿಯು ವರ್ಷದ ಖರ್ಚಿನ ಹಣವನ್ನು ಮುಂಚಿತವಾಗಿಯೇ ಒಂದು ನಿರ್ಬಂಧಿತ ಖಾತೆಯಲ್ಲಿ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಈ ಮೊತ್ತ 11,904 ಯೂರೋ. ತಿಂಗಳಿಗೆ ಕೈಗೆ ಬರುವುದು 992. ಅದೇ ವರ್ಷದ ಶರತ್ಕಾಲದಲ್ಲಿ ಮ್ಯೂನಿಕ್‌ನ ಹಂಚಿಕೆಯ ಮನೆಗಳಲ್ಲಿ ಒಂದು ಕೋಣೆಯ ಸರಾಸರಿ ಬಾಡಿಗೆ ಸುಮಾರು 790 ಯೂರೋ ಆಗಿತ್ತು. ಉಳಿದ ಇನ್ನೂರರಲ್ಲಿ ನೂರಕ್ಕೂ ಹೆಚ್ಚು ಕಡ್ಡಾಯ ಆರೋಗ್ಯ ವಿಮೆಗೆ ಹೋಗುತ್ತದೆ. ಅನ್ನ, ಬಸ್ಸು, ಪುಸ್ತಕ, ಚಳಿಗಾಲದ ಕೋಟು ಎಲ್ಲವೂ ಮಿಕ್ಕಿದ್ದರಲ್ಲೇ ಆಗಬೇಕು. ಜರ್ಮನಿಯ ಬಡ ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ ಶಿಕ್ಷಣ ನೆರವಿನಲ್ಲಿಯೂ ಬಾಡಿಗೆಯ ಭಾಗ 2024ರ ಏರಿಕೆಯ ನಂತರ 380 ಯೂರೋ ಮಾತ್ರ. ಆದ್ದರಿಂದ ಇದು ವಿದೇಶೀಯರ ಸಂಕಷ್ಟವಷ್ಟೇ ಅಲ್ಲ. ಕಾರ್ಮಿಕ ಕುಟುಂಬದ ಜರ್ಮನ್ ಹುಡುಗಿಯೂ ಇದೇ ಸಾಲಿನಲ್ಲಿ ನಿಂತಿದ್ದಾಳೆ.

ಹೊಸಬರಿಗೆ ಇದರ ಮೇಲೆ ಇನ್ನೊಂದು ಸುಳಿ ಕಾದಿರುತ್ತದೆ. ಮನೆಗೆ ಬಂದ ಎರಡು ವಾರಗಳೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. 2015ರ ನವೆಂಬರ್‌ನಿಂದ ಅದಕ್ಕೆ ಮನೆ ಕೊಟ್ಟವರ ಲಿಖಿತ ದೃಢೀಕರಣವೂ ಬೇಕು. ವಾಸದ ಪರವಾನಗಿ, ತೆರಿಗೆ ಸಂಖ್ಯೆ, ಎಷ್ಟೋ ಬಾರಿ ಬ್ಯಾಂಕ್ ಖಾತೆಯೂ ಈ ನೋಂದಣಿಯ ಹಿಂದೆಯೇ ಬರುತ್ತವೆ. ಆದರೆ ಕೋಣೆ ಕೇಳಹೋದರೆ ಮಾಲೀಕರು ಸಂಬಳದ ಚೀಟಿ, ಸಾಲದ ಇತಿಹಾಸ ಹೇಳುವ ಶುಫಾ ಪತ್ರ, ಜರ್ಮನಿಯಲ್ಲಿರುವ ಜಾಮೀನುದಾರ ಎಲ್ಲವನ್ನೂ ಕೇಳುತ್ತಾರೆ. ನಿನ್ನೆ ವಿಮಾನ ಇಳಿದವನಿಗೆ ಇಲ್ಲಿ ಯಾವ ಇತಿಹಾಸವಿರಲು ಸಾಧ್ಯ? ಈ ಇಕ್ಕಟ್ಟಿನಲ್ಲಿಯೇ ಮೋಸಗಾರರ ವ್ಯಾಪಾರ ನಡೆಯುತ್ತದೆ. ಸುಂದರವಾದ ಚಿತ್ರ, ನಂಬಲಾಗದಷ್ಟು ಕಡಿಮೆ ಬಾಡಿಗೆ, ತಾನು ವಿದೇಶದಲ್ಲಿರುವುದಾಗಿ ಹೇಳುವ ಮಾಲೀಕ, ಮುಂಗಡ ಕಳಿಸಿದರೆ ಬೀಗದ ಕೈ ಅಂಚೆಯಲ್ಲಿ ಬರುತ್ತದೆಂಬ ಭರವಸೆ. ಬೀಗದ ಕೈ ಬರುವುದಿಲ್ಲ. ಇನ್ನು ಕೆಲವರು ಕೋಣೆಯನ್ನೇನೋ ಕೊಡುತ್ತಾರೆ, ನೋಂದಣಿಯ ಪತ್ರ ಮಾತ್ರ ಕೊಡುವುದಿಲ್ಲ. ಅಂಥ ಕೋಣೆಯಲ್ಲಿ ಮಲಗುವವನು ಕಾನೂನಿನ ಕಣ್ಣಿಗೆ ನಗರದಲ್ಲಿಯೇ ಇಲ್ಲ.

ಈ ಕೊರತೆ ಆಕಾಶದಿಂದ ಬಿದ್ದದ್ದಲ್ಲ. ಲಾಭದ ಮಿತಿಯನ್ನು ಒಪ್ಪಿಕೊಂಡ ವಸತಿ ಸಂಸ್ಥೆಗಳಿಗೆ ತೆರಿಗೆ ವಿನಾಯಿತಿ ಕೊಡುತ್ತಿದ್ದ ಕಾನೂನನ್ನು ಜರ್ಮನಿ 1990ರಲ್ಲಿ ರದ್ದುಮಾಡಿತು. 1980ರ ದಶಕದ ಕೊನೆಯಲ್ಲಿ ಪಶ್ಚಿಮ ಜರ್ಮನಿಯೊಂದರಲ್ಲೇ ಸುಮಾರು 40 ಲಕ್ಷ ಸಾಮಾಜಿಕ ಬಾಡಿಗೆ ಮನೆಗಳಿದ್ದವು; 2023ರ ಕೊನೆಗೆ ಇಡೀ ದೇಶದಲ್ಲಿ ಉಳಿದಿದ್ದದ್ದು ಸುಮಾರು 11 ಲಕ್ಷ. ಮ್ಯೂನಿಕ್‌ನ ಫ್ರೈಮನ್‌ನಲ್ಲಿರುವ ವಿದ್ಯಾರ್ಥಿ ನಗರವು ಸುಮಾರು 2,500 ಜನ ವಾಸಿಸಬಲ್ಲ, ದೇಶದ ಅತಿದೊಡ್ಡ ವಿದ್ಯಾರ್ಥಿ ವಸತಿ ಸಮುಚ್ಚಯ. 2021ರ ಫೆಬ್ರುವರಿಯಲ್ಲಿ ಅಲ್ಲಿ ಬೆಂಕಿ ಬಿದ್ದು ಒಂದು ಜೀವ ಹೋಯಿತು. ಆಮೇಲೆ ಕಟ್ಟಡಗಳ ದೋಷಗಳು ಹೊರಬಂದು ಗೋಪುರಗಳನ್ನು ಖಾಲಿ ಮಾಡಿಸಲಾಯಿತು. ಸಾವಿರಕ್ಕೂ ಹೆಚ್ಚು ಕೋಣೆಗಳು ವರ್ಷಗಟ್ಟಲೆ ಬೀಗ ಹಾಕಿಕೊಂಡು ನಿಂತವು. ಅದೇ ನಗರದಲ್ಲಿ ಹೊಸ ವಿದ್ಯಾರ್ಥಿಗಳು ವಸತಿನಿಲಯದ ಸರದಿಗಾಗಿ ಸೆಮಿಸ್ಟರುಗಳನ್ನು ಎಣಿಸುತ್ತಿದ್ದರು.

ಕೊರತೆ ಇದ್ದಲ್ಲಿ ಆಯ್ಕೆ ಇರುತ್ತದೆ, ಆಯ್ಕೆ ಇದ್ದಲ್ಲಿ ಹೆಸರು ನೋಡುವವರಿರುತ್ತಾರೆ. 2017ರಲ್ಲಿ ಬವೇರಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಮತ್ತು ಶ್ಪೀಗೆಲ್ ಪತ್ರಿಕೆಯ ಪತ್ರಕರ್ತರು ಹತ್ತು ನಗರಗಳ ಬಾಡಿಗೆ ಜಾಹೀರಾತುಗಳಿಗೆ ಬೇರೆ ಬೇರೆ ಹೆಸರುಗಳಲ್ಲಿ ಸುಮಾರು 20 ಸಾವಿರ ವಿಚಾರಣೆಗಳನ್ನು ಕಳಿಸಿದರು. ಪತ್ರದ ಮಾತುಗಳು ಒಂದೇ, ಹೆಸರು ಮಾತ್ರ ಬೇರೆ. ಜರ್ಮನ್ ಹೆಸರಿಗೆ ಮನೆ ನೋಡಲು ಕರೆ ಬಂದ ಪ್ರತಿ ನಾಲ್ಕು ಪ್ರಕರಣಗಳಲ್ಲಿ ಒಂದರಲ್ಲಿ ಅರಬ್ ಹೆಸರನ್ನು ಕೈಬಿಡಲಾಗಿತ್ತು. ಜನಾಂಗೀಯ ಮೂಲದ ಆಧಾರದಲ್ಲಿ ಮನೆ ನಿರಾಕರಿಸುವುದನ್ನು 2006ರ ಸಮಾನ ವರ್ತನೆಯ ಕಾನೂನು ನಿಷೇಧಿಸುತ್ತದೆ. ಆದರೆ ಮಾಲೀಕರು ಅದೇ ಆವರಣದಲ್ಲಿ ವಾಸಿಸುವಂಥ ಸಂದರ್ಭಗಳಿಗೆ ಅದರಲ್ಲಿ ವಿನಾಯಿತಿಯಿದೆ. ಪರಿಹಾರ ಕೇಳಲು ಎರಡು ತಿಂಗಳ ಗಡುವೂ ಇದೆ. ಹೊಸಬರಿಗೆ ಈ ಗಡುವಿನ ಅರಿವಾಗುವ ಹೊತ್ತಿಗೆ ಅದು ಮುಗಿದಿರುತ್ತದೆ.

ಇಲ್ಲಿಯವರೆಗಿನ ಮಾತನ್ನು ವಲಸಿಗರ ಯಾವ ಸಭೆಯೂ ತಲೆದೂಗಿ ಕೇಳುತ್ತದೆ. ಮುಂದಿನ ಮಾತು ಅಷ್ಟು ಸುಲಭವಲ್ಲ.

ಮಾಲೀಕರ ಬಾಗಿಲು ಮುಚ್ಚಿದಾಗ ಹೊಸ ವಿದ್ಯಾರ್ಥಿ ತನ್ನ ಭಾಷೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತಾನೆ. ಕನ್ನಡ ಅಕ್ಷರ ಕಂಡೊಡನೆ ಅವನ ಜೀವಕ್ಕೆ ಸಮಾಧಾನವಾಗುತ್ತದೆ. ಆದರೆ ಅಲ್ಲಿನ ಜಾಹೀರಾತು ಏನು ಹೇಳುತ್ತದೆ? ಕೋಣೆ ಖಾಲಿ ಇದೆ, ಸಸ್ಯಾಹಾರಿಗಳಿಗೆ ಮಾತ್ರ. ಫೋನು ಮಾಡಿದರೆ ಊರು ಯಾವುದು, ಮನೆಯಲ್ಲಿ ಏನು ಮಾಡುತ್ತಾರೆ, ಪೂರ್ತಿ ಹೆಸರೇನು ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಬೆಂಗಳೂರಿನ ಬಡಾವಣೆಗಳಲ್ಲಿ ದಲಿತರೂ ಮುಸ್ಲಿಮರೂ ಬಾಡಿಗೆ ಮನೆ ಹುಡುಕುವಾಗ ಎದುರಿಸುವ ಪ್ರಶ್ನೆಗಳೇ ಇವು. ಅಡುಗೆಮನೆ ಹಂಚಿಕೊಳ್ಳುವವರು ಪಾತ್ರೆಗಳ ಬಗ್ಗೆ ಮಾತಾಡಿಕೊಳ್ಳುವುದು ತಪ್ಪಲ್ಲ. ಊಟದ ನೆಪದಲ್ಲಿ ಹುಟ್ಟನ್ನು ವಿಚಾರಿಸುವುದು ತಪ್ಪು. ಜರ್ಮನಿಯ ಕಾನೂನಿನ ಪಟ್ಟಿಯಲ್ಲಿ ಜಾತಿ ಎಂಬ ಪದವಿಲ್ಲ. ಅಮೆರಿಕದ ಸಿಯಾಟಲ್ ನಗರ 2023ರ ಫೆಬ್ರುವರಿಯಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿದಾಗ ಅದರ ವ್ಯಾಪ್ತಿಯಲ್ಲಿ ವಸತಿಯೂ ಸೇರಿತ್ತು. ಅದನ್ನು ವಿರೋಧಿಸಿದವರಲ್ಲಿ ಭಾರತೀಯ ವಲಸಿಗರೂ ಇದ್ದರು.

ಈ ಕತೆ ಹೊಸದಲ್ಲ. 1913ರಲ್ಲಿ ನ್ಯೂಯಾರ್ಕ್‌ಗೆ ಬಂದ ಭೀಮರಾವ್ ಅಂಬೇಡ್ಕರ್ ಅವರಿಗೆ ಕೊಲಂಬಿಯಾ ವಿಶ್ವವಿದ್ಯಾಲಯದ ವಸತಿನಿಲಯದಲ್ಲಿ ನವಲ್ ಭಥೇನಾ ಎಂಬ ಪಾರ್ಸಿ ವಿದ್ಯಾರ್ಥಿ ಕೋಣೆಯ ಜೊತೆಗಾರನಾಗಿ ದೊರೆತರು. ಆ ಸ್ನೇಹ ಬದುಕಿನುದ್ದಕ್ಕೂ ಉಳಿಯಿತು. 1917ರಲ್ಲಿ ಬರೋಡಾ ಸಂಸ್ಥಾನದ ಅಧಿಕಾರಿಯಾಗಿ ಹೋದಾಗ ಅದೇ ಅಂಬೇಡ್ಕರ್ ಅವರಿಗೆ ತಲೆಯೂರಲು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದು ಬಂದವರು ಅವರನ್ನು ಹೊರಹಾಕಿದರು. ಆಶ್ರಯ ಕೇಳಿದ ಇಬ್ಬರು ಸ್ನೇಹಿತರೂ ನೆಪ ಹೇಳಿದರು. ರೈಲಿನ ಸಮಯದವರೆಗೆ ಉದ್ಯಾನದಲ್ಲಿ ಕುಳಿತು ಅವರು ಬೊಂಬಾಯಿಗೆ ಹಿಂತಿರುಗಿದರು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಆತ್ಮವೃತ್ತಾಂತದಲ್ಲಿ ಅವರೇ ಇದನ್ನು ಬರೆದಿದ್ದಾರೆ. ವಿದೇಶದಲ್ಲಿ ಕಳೆದ ವರ್ಷಗಳು ತಾನು ಅಸ್ಪೃಶ್ಯನೆಂಬ ಅರಿವನ್ನೇ ಅಳಿಸಿಹಾಕಿದ್ದವೆಂದೂ ಅಲ್ಲಿ ಹೇಳಿದ್ದಾರೆ. ಇಂದು ಕರ್ನಾಟಕದಿಂದ ಹೊರಡುವ ದಲಿತ ವಿದ್ಯಾರ್ಥಿಗೆ ಆ ಮರೆವಿನ ಬಿಡುಗಡೆಯಾದರೂ ಸಿಗುತ್ತದೆಯೇ? ಅದು ತಪ್ಪಿದರೆ, ತಪ್ಪಿಸುವವರು ಜರ್ಮನರಲ್ಲ. ಮೊದಲು ಬಂದು ನೆಲೆಯೂರಿದ ಸ್ವದೇಶಿಗಳೇ.

ಹಾಗಾದರೆ ಮಾಡಬಹುದಾದದ್ದೇನು? ದೊಡ್ಡ ಕೆಲಸ ರಾಜಕೀಯದ್ದು: ಬಾಡಿಗೆದಾರರ ಸಂಘ ಸೇರುವುದು, ವಿದ್ಯಾರ್ಥಿ ವಸತಿಗೆ ಸಾರ್ವಜನಿಕ ಹಣ ಕೇಳುವ ಚಳವಳಿಗಳಲ್ಲಿ ಜರ್ಮನ್ ವಿದ್ಯಾರ್ಥಿಗಳ ಜೊತೆ ನಿಲ್ಲುವುದು. ಚಿಕ್ಕ ಕೆಲಸಗಳನ್ನು ಇದೇ ಅಕ್ಟೋಬರ್‌ನಲ್ಲಿ ಆರಂಭಿಸಬಹುದು. ಪ್ರತಿ ನಗರದ ಕನ್ನಡ ಸಂಘವೂ ಮೊದಲ ಎರಡು ವಾರಗಳಿಗೆ ಕೆಲವು ಹಾಸಿಗೆಗಳನ್ನು ಒದಗಿಸಬಹುದು. ಜಾಹೀರಾತು ನಿಜವೋ ಸುಳ್ಳೋ ಎಂದು ಖುದ್ದಾಗಿ ಹೋಗಿ ನೋಡಿ ಬರಬಹುದು. ಠೇವಣಿ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ, ಅದನ್ನು ಮೂರು ಕಂತುಗಳಲ್ಲಿ ಕಟ್ಟುವ ಹಕ್ಕಿದೆ ಎಂದು ತಿಳಿಸಬಹುದು. ಉದ್ಯೋಗದಲ್ಲಿ ನೆಲೆನಿಂತವರು ಒಬ್ಬ ಅಪರಿಚಿತ ವಿದ್ಯಾರ್ಥಿಗೆ ಜಾಮೀನು ನಿಲ್ಲಬಹುದು. ಸಂಘದ ಗುಂಪಿನಲ್ಲಿ ಜಾತಿ, ಧರ್ಮ ವಿಚಾರಿಸುವ ಜಾಹೀರಾತಿಗೆ ಜಾಗವಿಲ್ಲವೆಂದು ಒಂದು ನಿಯಮ ಬರೆಯಬಹುದು.

ಕನ್ನಡ ಸಂಘಗಳು ರಾಜ್ಯೋತ್ಸವ ಆಚರಿಸುವುದು ನವೆಂಬರ್‌ನಲ್ಲಿ. ವಿದ್ಯಾರ್ಥಿಗಳು ಬರುವುದು ಅದಕ್ಕೂ ಒಂದು ತಿಂಗಳು ಮೊದಲು. ಸಭಾಂಗಣವನ್ನು ಕಾಯ್ದಿರಿಸುವ ಮೊದಲು ಯಾರ ಮನೆಯಲ್ಲಿ ಎಷ್ಟು ಹಾಸಿಗೆ ಹಾಕಬಹುದೆಂಬ ಪಟ್ಟಿ ಸಿದ್ಧವಾಗಲಿ. ಆ ಪಟ್ಟಿಯಲ್ಲಿ ಬರುವವರ ಹೆಸರಿನ ಮುಂದೆ ಊರು, ವಿಶ್ವವಿದ್ಯಾಲಯ, ರೈಲು ಬರುವ ಹೊತ್ತು ಇಷ್ಟಿದ್ದರೆ ಸಾಕು.