ನಂಬಿಕೆಗೂ ಒಂದು ಲೆಕ್ಕದ ಪುಸ್ತಕ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಳೆದ ವರ್ಷ ಪರೀಕ್ಷೆಯ ಮೊದಲನೆಯ ದಿನ ನಾನು ಶಾಲೆಯ ಬಾಗಿಲಲ್ಲಿ ನಿಂತಿದ್ದೆ. ಹತ್ತನೆಯ ತರಗತಿಯ ಹುಡುಗನೊಬ್ಬ ಅವಸರದಿಂದ ಬರುತ್ತಿದ್ದವನು ತಟ್ಟನೆ ರಸ್ತೆಯಲ್ಲೇ ನಿಂತುಬಿಟ್ಟ. ಏಕೆಂದು ಕೇಳಿದರೆ, ಬೆಕ್ಕು ಅಡ್ಡಬಂದಿತು, ಬೇರೆ ಯಾರಾದರೂ ಮೊದಲು ದಾಟಲಿ ಎಂದ. ಗಂಟೆ ಬಾರಿಸುವ ಹೊತ್ತಾಗಿತ್ತು. ನಾನೇ ಹೋಗಿ ದಾಟಿದೆ. ಅವನು ನೆಮ್ಮದಿಯಿಂದ ಒಳಗೆ ಬಂದ. ಅವನಿಗೆ ನಾಲ್ಕು ಬುದ್ಧಿಮಾತು ಹೇಳಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ನನ್ನ ಜೇಬಿನಲ್ಲಿದ್ದುದು ನಾನು ಬಿ.ಎ. ಪರೀಕ್ಷೆ ಬರೆದ ಹಳೆಯ ಲೇಖನಿ. ಮುಖ್ಯವಾದ ಕಾಗದಗಳಿಗೆಲ್ಲ ನಾನು ಇಂದಿಗೂ ಅದರಿಂದಲೇ ರುಜು ಹಾಕುತ್ತೇನೆ. ಆ ಹುಡುಗನಿಗೂ ನನಗೂ ವ್ಯತ್ಯಾಸವೇನು?

ಆದಕಾರಣ ಇಂದು ನಾನು ಮೂಢನಂಬಿಕೆಯನ್ನು ಹಳಿಯುವುದಕ್ಕೆ ನಿಂತಿಲ್ಲ. ಬುದ್ಧಿವಂತರಾದ ಮನುಷ್ಯರು ಅದನ್ನು ಏಕೆ ನಂಬುತ್ತಾರೆಂಬುದನ್ನು ತಮ್ಮೊಡನೆ ಕೂಡಿ ವಿಚಾರಮಾಡಬೇಕೆಂದಿದ್ದೇನೆ.

ಮೊದಲನೆಯ ಕಾರಣ, ಕಾಣದ ಕಾರಣದ ಭಯ. ಮಾಲಿನೋವ್ಸ್ಕಿ ಎಂಬ ವಿದ್ವಾಂಸರು ಸುಮಾರು ನೂರು ವರ್ಷಗಳ ಹಿಂದೆ ಶಾಂತಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ನೆಲಸಿ ಅಲ್ಲಿಯ ಬೆಸ್ತರ ನಡವಳಿಕೆಯನ್ನು ಗಮನಿಸಿದರು. ದಂಡೆಯ ಒಳಗಿನ ಶಾಂತವಾದ ನೀರಿನಲ್ಲಿ ಮೀನು ಹಿಡಿಯುವಾಗ ಅವರಿಗೆ ಮಂತ್ರ ಬೇಕಿರಲಿಲ್ಲ. ಅದೇ ಜನ ತೆರೆದ ಕಡಲಿಗೆ ಹೊರಟಾಗ ವಿಸ್ತಾರವಾದ ಮಂತ್ರತಂತ್ರಗಳನ್ನು ಮಾಡುತ್ತಿದ್ದರು. ಕೈಯಳತೆಯಲ್ಲಿರುವುದಕ್ಕೆ ಯಾರೂ ಮಂತ್ರ ಹಾಕುವುದಿಲ್ಲ. ಅಳತೆಗೆ ಮೀರಿದ್ದಕ್ಕೆ ಹಾಕುತ್ತಾರೆ. ನಮ್ಮ ಹುಡುಗರು ಮಗ್ಗಿ ಒಪ್ಪಿಸಲು ಶಕುನ ನೋಡುವುದಿಲ್ಲ; ಪರೀಕ್ಷೆಗೆ ಮಾತ್ರ ನೋಡುತ್ತಾರೆ.

ಓದಿದವರು ಇದಕ್ಕೆ ಹೊರತಲ್ಲ. ನಮ್ಮ ಕಂಬಂ ಕಣಿವೆಗೆ ಅನ್ನವಿತ್ತ ಮುಲ್ಲೈಪೆರಿಯಾರ್ ಅಣೆಕಟ್ಟೆಯ ಕೆಲಸ 1887ರಿಂದ 1895ರ ವರೆಗೆ ನಡೆಯಿತು. ಇಂಜಿನಿಯರ್ ಪೆನ್ನಿಕ್ವಿಕ್ ಅವರ ಹೆಸರನ್ನು ಇಲ್ಲಿಯ ರೈತರು ಇಂದಿಗೂ ಪೊಂಗಲ್ ಹಬ್ಬದಲ್ಲಿ ನೆನೆಯುತ್ತಾರೆ. ಆ ಕಾಡಿನಲ್ಲಿ ಚಳಿಜ್ವರಕ್ಕೂ ಕಾಲರಾಕ್ಕೂ ಕೂಲಿಯವರು ನೂರಾರು ಮಂದಿ ಬಲಿಯಾದರು. ಜ್ವರ ಹೇಗೆ ಹರಡುತ್ತದೆಂಬುದು ಕೂಲಿಗೂ ತಿಳಿಯದು, ದೊರೆಗೂ ತಿಳಿಯದು. ಮಲೇರಿಯ ಎಂಬ ಮಾತಿಗೇ ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿ ಎಂದರ್ಥ. ದೊಡ್ಡ ದೊಡ್ಡ ವೈದ್ಯರೂ ಹಾಗೆಯೇ ನಂಬಿದ್ದರು. ಸ್ಥಳದ ಸಾರಾಯಿಯ ಔಷಧಗುಣ ಇಲ್ಲದಿದ್ದರೆ ಅಣೆಕಟ್ಟೆಯೇ ಮುಗಿಯುತ್ತಿರಲಿಲ್ಲವೆಂಬ ಮಾತು ಕೂಡ ಬಳಕೆಯಲ್ಲಿತ್ತು! ಅಣೆಕಟ್ಟೆ ಮುಗಿದು ಎರಡು ವರ್ಷಗಳಾದ ಮೇಲೆ, 1897ರ ಆಗಸ್ಟ್ ತಿಂಗಳಲ್ಲಿ, ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯರು ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗದ ಜೀವಾಣುವನ್ನು ಕಂಡರು. ಅಲ್ಲಿಂದ ಮುಂದೆ ಗಾಳಿಯನ್ನು ದೂರುವುದು ನಿಂತು, ನಿಂತ ನೀರನ್ನು ಬತ್ತಿಸುವ ಕೆಲಸ ಮೊದಲಾಯಿತು. ಕಾರಣ ತಿಳಿದೊಡನೆ ಭಯವು ಕೆಲಸವಾಗಿ ಮಾರ್ಪಟ್ಟಿತು.

ಎರಡನೆಯ ಕಾರಣ, ನಮ್ಮ ಲೆಕ್ಕದ ತಪ್ಪು. ಸತ್ಯಮಂಗಲದಿಂದ ದಿಂಬಂ ಘಟ್ಟವನ್ನು ಹತ್ತಿ ಮೈಸೂರು ಸೀಮೆಗೆ ಹೋಗುವವರಿಗೆ ಮೊದಲು ಸಿಗುವ ದೊಡ್ಡ ಊರು ಚಾಮರಾಜನಗರ. ಆ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾನೆಂಬ ಮಾತು ಕರ್ನಾಟಕದಲ್ಲಿ ಬಹುಕಾಲ ನಡೆಯಿತು. 1980ರಿಂದ 1990ರ ವರೆಗೆ ಅಲ್ಲಿಗೆ ಹೋಗಿಬಂದ ಕೆಲವರು ಬೇಗನೆ ಪದವಿ ಕಳೆದುಕೊಂಡದ್ದೇ ಇದಕ್ಕೆ ಆಧಾರ. ಆಮೇಲೆ ಬಂದವರು ಆ ಕಡೆ ತಲೆಹಾಕಲು ಅಂಜಿದರು. 1997ರಲ್ಲಿ ಚಾಮರಾಜನಗರ ಹೊಸ ಜಿಲ್ಲೆಯಾದಾಗಲೂ ಉದ್ಘಾಟನೆ ನಡೆದುದು ಆ ಊರಿನಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ.

ವಿದ್ಯಾರ್ಥಿಗಳೇ, ಇಲ್ಲಿ ನೀವು ಕೇಳಬೇಕಾದ ಪ್ರಶ್ನೆಯೊಂದಿದೆ. ಹೋದವರು ಪದವಿ ಕಳೆದುಕೊಂಡರು, ಸರಿ, ಹೋಗದವರು ಉಳಿಸಿಕೊಂಡರೆ? ಬಂಗಾರಪ್ಪನವರು 1990ರಲ್ಲಿ ಮುಖ್ಯಮಂತ್ರಿಯಾಗಿ 1992ರಲ್ಲಿ ಇಳಿದರು. ವೀರಪ್ಪ ಮೊಯಿಲಿಯವರು 1994ರ ವರೆಗೆ ಇದ್ದರು. ಧರ್ಮಸಿಂಗ್ ಅವರು 2004ರಲ್ಲಿ ಬಂದು 2006ರಲ್ಲಿ ಹೋದರು. ಐದು ವರ್ಷಗಳ ಅವಧಿಯನ್ನು ಪೂರ್ತಿ ಮುಗಿಸಿದ ಮುಖ್ಯಮಂತ್ರಿಗಳು ಆ ರಾಜ್ಯದಲ್ಲಿ ಬೆರಳೆಣಿಕೆಯಷ್ಟು ಮಂದಿ ಮಾತ್ರ. ಹೋದರೂ ಪದವಿ ಹೋಗುತ್ತದೆ, ಹೋಗದಿದ್ದರೂ ಹೋಗುತ್ತದೆ. ದೋಷ ಊರಿನದಲ್ಲ, ಕುರ್ಚಿಯದು! 2013ರಲ್ಲಿ ಸಿದ್ದರಾಮಯ್ಯನವರು ಧೈರ್ಯಮಾಡಿ ಹೋದರು, ಮತ್ತೆ ಮತ್ತೆ ಹೋದರು, ಐದು ವರ್ಷಗಳನ್ನೂ ಮುಗಿಸಿದರು. 2018ರ ಚುನಾವಣೆಯಲ್ಲಿ ಅವರ ಪಕ್ಷ ಬಹುಮತ ಕಳೆದುಕೊಂಡಿತಲ್ಲ ಎಂದು ನಂಬುವವನು ಆಗಲೂ ವಾದಿಸಬಹುದು. 2023ರಲ್ಲಿ ಅವರು ಮತ್ತೆ ಮುಖ್ಯಮಂತ್ರಿಯಾದುದನ್ನು ಮಾತ್ರ ಅವನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಜಮೆಯನ್ನು ಮಾತ್ರ ಬರೆದು ಖರ್ಚನ್ನು ಬರೆಯದ ಪುಸ್ತಕದಲ್ಲಿ ಯಾವ ಅಂಗಡಿಗೂ ನಷ್ಟ ಕಾಣುವುದಿಲ್ಲ.

ಮೂರನೆಯ ಕಾರಣವನ್ನು ಹೇಳುವುದು ನನಗೆ ಕಷ್ಟ. ಆದರೂ ಅದನ್ನು ಹೇಳುವುದಕ್ಕಾಗಿಯೇ ಇಂದು ನಿಂತಿದ್ದೇನೆ.

ನನಗೆ ಆಗ ಹತ್ತು ವರ್ಷ. ನಮ್ಮ ಚಿಕ್ಕಪ್ಪ ರಾತ್ರಿ ಗದ್ದೆಗೆ ನೀರು ತಿರುಗಿಸಲು ಹೋದವರು ಕಾಲಿಗೆ ಹಾವು ಕಚ್ಚಿತೆಂದು ಮನೆಗೆ ಬಂದರು. ಎರಡು ಮೈಲಿ ದೂರದಲ್ಲಿದ್ದ ಮಂತ್ರವಾದಿಯನ್ನು ಕರೆತರಲು ಅಪ್ಪ ನನ್ನನ್ನು ಕಳುಹಿಸಿದರು. ಅಷ್ಟು ವೇಗವಾಗಿ ನಾನು ಮತ್ತೆಂದೂ ಓಡಿಲ್ಲ. ಆತ ಒಳ್ಳೆಯ ಮನುಷ್ಯ. ಒಂದು ಕಾಸನ್ನೂ ಮುಟ್ಟುತ್ತಿರಲಿಲ್ಲ. ಬೇವಿನ ಸೊಪ್ಪು ಹಿಡಿದು ಬೆಳಗಾಗುವವರೆಗೆ ಮಂತ್ರ ಹೇಳಿದ. ಬೆಳಗಿನ ಹೊತ್ತಿಗೆ ಚಿಕ್ಕಪ್ಪನ ರೆಪ್ಪೆಗಳು ಜೋತುಬಿದ್ದವು, ಮಾತು ತೊದಲಿತು. ಆಮೇಲೆ ಲಾರಿಯೊಂದನ್ನು ನಿಲ್ಲಿಸಿ ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ಜೀವ ಹೋಯಿತು.

ಆ ಮಂತ್ರವಾದಿ ಅದಕ್ಕೆ ಮುಂಚೆ ಹತ್ತಾರು ಜನರನ್ನು ಬದುಕಿಸಿದ್ದನೆಂದು ಊರವರು ಹೇಳುತ್ತಿದ್ದರು. ಅದು ಸುಳ್ಳಲ್ಲ, ಅವರೆಲ್ಲ ಬದುಕಿದ್ದರು. ನಮ್ಮ ನಾಡಿನ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕೇ ಹೆಚ್ಚಿನ ಸಾವಿಗೆ ಕಾರಣ. ಇವು ಕಚ್ಚಿದಾಗಲೂ ಎಷ್ಟೋ ಸಲ ಹಲ್ಲು ನಾಟುತ್ತದೆ, ವಿಷ ಇಳಿಯುವುದಿಲ್ಲ. ಹೇಗೂ ಬದುಕುವವರು ಬದುಕಿದರು. ಕೀರ್ತಿ ಮಂತ್ರಕ್ಕೆ ಸಂದಿತು. ವಿಷ ಏರಿದವನಿಗೆ ಮಾತ್ರ ಮದ್ದು ಬೇಕಾಗಿತ್ತು. ಅವನಿಗೆ ನಾವು ಒಂದು ರಾತ್ರಿಯನ್ನು ನಷ್ಟಮಾಡಿದೆವು.

ಅಪ್ಪ ಮೂಢರಲ್ಲ. ಕಾಲುವೆಯ ನೀರನ್ನು ಬೆರಳಳತೆಯಲ್ಲಿ ಹಂಚಬಲ್ಲವರು. ಆಸ್ಪತ್ರೆಯಲ್ಲಿ ಮದ್ದಿದೆಯೆಂಬುದೂ ಅವರಿಗೆ ಗೊತ್ತಿತ್ತು. ಹಲವು ವರ್ಷಗಳ ಮೇಲೆ ಒಂದು ದಿನ ತಾವಾಗಿಯೇ ಹೇಳಿದರು: “ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಲ್ಲಿ ಅವನು ಸತ್ತಿದ್ದರೆ, ಮಂತ್ರ ಹಾಕಿಸದೆ ತಮ್ಮನನ್ನು ಕೊಂದ ಎಂದು ಊರೆಲ್ಲ ಅನ್ನುತ್ತಿತ್ತು. ಮಂತ್ರ ಹಾಕಿಸಿ ಸತ್ತರೆ ವಿಧಿ ಅನ್ನುತ್ತದೆ.” ಇದೇ ಮೂರನೆಯ ಕಾರಣ. ಎಷ್ಟೋ ವೇಳೆ ಜನರು ನಂಬಿಕೆಗೆ ಅಂಜುವುದಿಲ್ಲ. ನೆರೆಯವರ ಮಾತಿಗೆ ಅಂಜುತ್ತಾರೆ. ಎಲ್ಲರೂ ಮಾಡುವುದನ್ನು ಮಾಡಿ ಕೆಟ್ಟವನನ್ನು ಯಾರೂ ದೂರುವುದಿಲ್ಲ. ಒಬ್ಬನೇ ಬೇರೆ ದಾರಿ ಹಿಡಿದು ಕೆಟ್ಟರೆ ಅವನಿಗೆ ಜನ್ಮವೆಲ್ಲ ಮಾತು ತಪ್ಪದು.

ಇದು ಹಳೆಯ ಕಥೆಯಾಗಿ ಮುಗಿದುಹೋಗಿಲ್ಲ. 2000ದಿಂದ 2019ರ ವರೆಗಿನ ಅವಧಿಯಲ್ಲಿ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಮದ್ದಿಗೆ ಬೇಕಾದ ವಿಷ ನಮ್ಮ ತಮಿಳುನಾಡಿನಲ್ಲಿಯೇ ಸಂಗ್ರಹವಾಗುತ್ತದೆ. ಚೆನ್ನೈಯ ಹತ್ತಿರ ವಡನೆಮ್ಮೇಲಿಯಲ್ಲಿ 1978ರಲ್ಲಿ ಸ್ಥಾಪನೆಯಾದ ಇರುಳ ಜನರ ಸಹಕಾರ ಸಂಘವೊಂದು ಈ ಕೆಲಸ ಮಾಡುತ್ತಿದೆ. ಆ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಿಂದ ಮದ್ದನ್ನು ತಯಾರಿಸುತ್ತಾರೆ. ಹಾವು ಹಿಡಿಯುವುದು ಇರುಳರ ಪೂರ್ವಿಕರ ವಿದ್ಯೆ. ಹಳೆಯದೆಲ್ಲ ಮೂಢವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ದೇವರನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಮಾಟ್ಟುಪೊಂಗಲ್ ದಿನ ಕಂಬದ ನಂದಗೋಪಾಲಸ್ವಾಮಿಯ ತೊಳುವಿಗೆ ಹೋಗಿ ತಂಬಿರಾನ್ ಹಸುಗಳಿಗೆ ಕೈಮುಗಿಯುವವರಲ್ಲಿ ನಾನೂ ಒಬ್ಬ. ಅದು ಕೃತಜ್ಞತೆ; ಅದರಿಂದ ಯಾರ ಪ್ರಾಣಕ್ಕೂ ಕುತ್ತಿಲ್ಲ. ಯಾವುದೇ ನಂಬಿಕೆಯನ್ನು ಈ ಒಂದು ಒರೆಗೆ ಹಚ್ಚಿ ನೋಡಿರಿ: ಇದನ್ನು ಪಾಲಿಸುವುದರಿಂದ ಯಾರಿಗಾದರೂ ದೊರೆಯಬೇಕಾದ ಮದ್ದು, ವಿದ್ಯೆ ಅಥವಾ ಮರ್ಯಾದೆ ತಪ್ಪುತ್ತದೆಯೆ?

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಒಂದು ಸಣ್ಣ ಪುಸ್ತಕವಿರಲಿ. ಶಕುನ ಫಲಿಸಿದ ದಿನವನ್ನು ಒಂದು ಕಡೆ, ಫಲಿಸದ ದಿನವನ್ನು ಇನ್ನೊಂದು ಕಡೆ ಬರೆಯಿರಿ. ಒಂದು ವರ್ಷ ತಪ್ಪದೆ ಬರೆದರೆ ಸಾಕು; ಉಳಿದುದನ್ನು ಆ ಪುಸ್ತಕವೇ ಕಲಿಸುತ್ತದೆ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಗಾಯವನ್ನು ಕೊಯ್ಯಬೇಡಿ, ಬಾಯಿಯಿಂದ ಹೀರಬೇಡಿ. ಕಚ್ಚಿಸಿಕೊಂಡವರನ್ನು ಓಡಾಡಗೊಡದೆ, ಕಾಲು ಅಲುಗದಂತೆ ಮಲಗಿಸಿ, 108ಕ್ಕೆ ಕರೆಮಾಡಿ ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ.

ತಾಯಿತಂದೆಗಳಲ್ಲಿ ನನ್ನ ಬಿನ್ನಹ ಒಂದೇ. ನೆರೆಮನೆಯವರು ಮೊದಲು ಆಸ್ಪತ್ರೆಗೆ ಓಡಿದರೆ, ಫಲ ಏನೇ ಆಗಲಿ, ಅವರನ್ನು ದೂರಬೇಡಿ. ಸರಿಯಾದುದನ್ನೇ ಮಾಡಿದಿರಿ ಎಂದು ಬಾಯಿಬಿಟ್ಟು ಹೇಳಿರಿ. ಅಂದು ಅಂಥ ಮಾತನ್ನು ಹೇಳುವವರು ನಾಲ್ಕು ಜನರಿದ್ದಿದ್ದರೆ, ಅಪ್ಪ ನನ್ನನ್ನು ಬೇರೆ ದಿಕ್ಕಿಗೆ ಓಡಿಸುತ್ತಿದ್ದರು.

ಬೆಕ್ಕಿಗೆ ಹೆದರಿದ ಹುಡುಗ ಒಳ್ಳೆಯ ಅಂಕಗಳಿಂದ ತೇರ್ಗಡೆಯಾದ. “ತಾವು ದಾಟಿದ್ದರಿಂದಲೇ, ಸಾರ್” ಎಂದು ಹೇಳಿಹೋದ! ಅವನಿಗೂ ಒಂದು ಲೆಕ್ಕದ ಪುಸ್ತಕ ಕೊಟ್ಟಿದ್ದೇನೆ. ನನ್ನ ಮಟ್ಟಿಗೆ ಹೇಳುವುದಾದರೆ, ಈ ಭಾಷಣವನ್ನು ಹಳೆಯ ಲೇಖನಿಯಿಂದ ಬರೆಯಲಿಲ್ಲ. ಅಂಗಡಿಯಿಂದ ತಂದ ಐದು ರೂಪಾಯಿನ ಲೇಖನಿಯಿಂದ ಬರೆದೆ. ಭಾಷಣ ಚೆನ್ನಾಗಿಲ್ಲವೆಂದು ತಮಗೆ ತೋರಿದರೆ ತಪ್ಪು ನನ್ನದು, ಲೇಖನಿಯದಲ್ಲ.