ಕೆಂಪು ದೀಪ ಆರದಿದ್ದರೆ: ಬಹುಕಾಲ ನಿಂತ ಪದ್ಮಿನಿಯ ಎಣ್ಣೆಯ ಒತ್ತಡ
(ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಕಳೆದ ಕೂಟದಲ್ಲಿ ನಮ್ಮವರು ಒಂದು ಪ್ರಶ್ನೆ ಇಟ್ಟಿದ್ದರು. ವರ್ಷಗಟ್ಟಲೆ ನಿಂತ ಪದ್ಮಿನಿ ಗಾಡಿಯನ್ನು ಮತ್ತೆ ಚಾಲೂ ಮಾಡಿದರೆ ಎಣ್ಣೆಯ ಕೆಂಪು ದೀಪ ಆರುವುದಿಲ್ಲ. ಇಂಜಿನ್ ಹೋಯಿತೆಂದು ತಿಳಿಯಬೇಕೆ? ಗಾಡಿಯನ್ನು ಗುಜರಿಗೆ ಹಾಕಬೇಕೆ? ಇದಕ್ಕೆ ಉತ್ತರ ಹೇಳುವ ಕೆಲಸ ನಮ್ಮ ಪಾಲಿಗೆ ಬಂದಿದೆ. ನಾವು ಹೋಟೆಲಿನ ಅಡಿಗೆಮನೆಯಿಂದ ಬಂದವರು, ಇಂಜಿನಿಯರರಲ್ಲ. ಆದರೆ ಗ್ಯಾರೇಜಿನಲ್ಲಿ ದುಡಿಯುವ ಗೆಳೆಯರ ಪಕ್ಕದಲ್ಲಿ ನಿಂತು ನೋಡಿದ್ದೇವೆ, ಕೇಳಿ ತಿಳಿದಿದ್ದೇವೆ. ತಿಳಿದಷ್ಟನ್ನು ಹೇಳುತ್ತೇವೆ.

ಪದ್ಮಿನಿ ಈ ಊರಿನದೇ ಮಗಳು. ಕುರ್ಲಾದ ಪ್ರೀಮಿಯರ್ ಕಾರಖಾನೆಯಲ್ಲಿ 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಹುಟ್ಟಿತು. 1974ರಲ್ಲಿ ಪದ್ಮಿನಿ ಎಂಬ ಹೆಸರಾಯಿತು. ನಾಲ್ಕು ಸಿಲಿಂಡರಿನ, 1089 ಸಿ.ಸಿ.ಯ ಇಂಜಿನ್. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವಿನ ಆರ್.ಟಿ.ಒ. ಕಚೇರಿಯಲ್ಲಿ ದಾಖಲಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ 20 ವರ್ಷದ ಗಡುವು ಇದ್ದುದರಿಂದ 2023ರ ಅಕ್ಟೋಬರ್ 30ರಿಂದ ಮುಂಬಯಿಯ ಬೀದಿಯಲ್ಲಿ ಪದ್ಮಿನಿ ಟ್ಯಾಕ್ಸಿ ಇಲ್ಲ. ಆದರೆ ಖಾಸಗಿ ಗಾಡಿಗಳು ಉಳಿದಿವೆ. ಚಾಳಿನ ಹಿಂದೆ, ಊರಿನ ಮನೆಯ ಅಂಗಳದಲ್ಲಿ, ತಾಡಪಾಲಿನಡಿ ನಿಂತಿವೆ. ಅವು ಶ್ರೀಮಂತರ ಹವ್ಯಾಸದ ಗಾಡಿಗಳಲ್ಲ. ದುಡಿದು ಉಳಿಸಿದ ಹಣದಲ್ಲಿ ಕೊಂಡವು. ಆದುದರಿಂದಲೇ ಈ ಮಾತು.

ಮೊದಲು ಎಣ್ಣೆಯ ಕೆಲಸವೇನೆಂದು ನೋಡೋಣ. ಎಣ್ಣೆ ಸವರದ ಕಾವಲಿಗೆ ದೋಸೆ ಹಿಡಿದುಕೊಳ್ಳುವುದನ್ನು ನಾವೆಲ್ಲ ಕಂಡವರು. ಎಣ್ಣೆ ಕಾಣದ ಸ್ಪಿಂಡಲ್ ಕಾಯುವುದನ್ನು ಗಿರಣಿಯ ಹಿರಿಯರು ಕಂಡಿದ್ದಾರೆ. ಇಂಜಿನ್ನಿನಲ್ಲಿಯೂ ಹಾಗೆಯೇ. ಕ್ರ್ಯಾಂಕ್ ಎಂಬ ದಪ್ಪ ಸರಳಿಗೂ ಅದರ ಬೇರಿಂಗಿಗೂ ನಡುವೆ ಎಣ್ಣೆಯ ತೆಳುವಾದ ಪೊರೆ ಇರಬೇಕು. ಅದಿಲ್ಲದಿದ್ದರೆ ಲೋಹಕ್ಕೆ ಲೋಹ ತಾಗಿ ನಿಮಿಷಗಳಲ್ಲಿ ಬೇರಿಂಗು ಹಾಳಾಗುತ್ತದೆ. ಕೆಳಗಿನ ಚೇಂಬರಿನಿಂದ ಎಣ್ಣೆಯನ್ನು ಎಳೆದು ಮೇಲಕ್ಕೆ ನೂಕುವುದು ಪಂಪು. ಬೇರಿಂಗಿನ ಕಿರಿದಾದ ಸಂದಿಯಲ್ಲಿ ಎಣ್ಣೆ ತಡೆದು ತಡೆದು ಹೋಗುವುದರಿಂದ ಒತ್ತಡ ಹುಟ್ಟುತ್ತದೆ.

ಹಾಗಾದರೆ ಒತ್ತಡ ಇಲ್ಲದಿರಲು ಕಾರಣಗಳು ಮೂರೇ. ಒಂದು, ಸುದ್ದಿ ಹೇಳುವ ದೀಪವೇ ಸುಳ್ಳು ಹೇಳುತ್ತಿದೆ. ಎರಡು, ಪಂಪಿಗೆ ಎಣ್ಣೆ ಸಿಗುತ್ತಿಲ್ಲ. ಮೂರು, ಸಿಕ್ಕ ಎಣ್ಣೆ ತಡೆಯಿಲ್ಲದೆ ಎಲ್ಲಿಯೋ ಸೋರಿಹೋಗುತ್ತಿದೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ನಿಂತ ಗಾಡಿಯ ಬೇರಿಂಗು ಸವೆಯುವುದಿಲ್ಲ. ತಿರುಗಿದರೆ ತಾನೆ ಸವೆಯುವುದು? ನಿಲ್ಲಿಸಿದ ದಿನ ಒತ್ತಡ ಸರಿಯಾಗಿತ್ತು, ಐದು ವರ್ಷದ ಮೇಲೆ ಒಮ್ಮೆಲೇ ಸೊನ್ನೆಯಾಯಿತು ಎಂದರೆ, ಮೊದಲ ಸಂಶಯ ಬೇರಿಂಗಿನ ಮೇಲಲ್ಲ. ನೋಡಿದೊಡನೆ “ಇಂಜಿನ್ ಬಿಚ್ಚಬೇಕು” ಎನ್ನುವವನು ವಿಚಾರಣೆ ಮಾಡದೆ ಶಿಕ್ಷೆ ವಿಧಿಸಿದಂತೆ. ಅದು ನಮಗೆ ಹೊಸದಲ್ಲ. ಆರೋಪವೇನೆಂದು ತಿಳಿಸದೆ ಕೆಲಸದಿಂದ ತೆಗೆದ ಮಾಲಕರನ್ನು ಕಂಡಿದ್ದೇವೆ. ಅಲ್ಲಿ ಕೇಳಿದ್ದನ್ನೇ ಇಲ್ಲಿಯೂ ಕೇಳಬೇಕು: ಸಾಕ್ಷಿ ಏನು?

ವಿಚಾರಣೆಯನ್ನು ಕಡಿಮೆ ಖರ್ಚಿನಿಂದ ಆರಂಭಿಸೋಣ. ಇಂಜಿನ್ ಓಡುತ್ತಿದ್ದು ದೀಪ ಆರದಿದ್ದರೆ ಐದಾರು ಸೆಕೆಂಡಿಗಿಂತ ಹೆಚ್ಚು ಕಾಯದೆ ಬಂದು ಮಾಡಿರಿ. “ಸ್ವಲ್ಪ ಓಡಲಿ, ಬಂದೀತು” ಎಂಬ ಮಾತೇ ಇಂಜಿನ್ನಿಗೆ ಶತ್ರು. ನಮ್ಮ ಬಳಗದ ಒಬ್ಬರ ಗಾಡಿಯಲ್ಲಿ ಹೀಗೆಯೇ ಹತ್ತು ನಿಮಿಷ ಓಡಿಸಿದರು. ಒಳ್ಳೆಯ ಬೇರಿಂಗು ಆ ಹತ್ತು ನಿಮಿಷದಲ್ಲಿ ಹೋಯಿತು.

ಈಗ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡಿರಿ. ಮಟ್ಟ ಕಡಿಮೆಯಿದ್ದರೆ ತಿಳಿಯಿತು. ಮಟ್ಟ ಏರಿದ್ದರೂ ಸಂತೋಷಪಡಬೇಡಿ. ಮೂಸಿ ನೋಡಿರಿ. ಪೆಟ್ರೋಲಿನ ವಾಸನೆ ಬಂದರೆ ಪೆಟ್ರೋಲ್ ಪಂಪಿನ ಪೊರೆ ಹರಿದು ಎಣ್ಣೆಗೆ ಪೆಟ್ರೋಲ್ ಇಳಿದಿರಬಹುದು. ಅಂಥ ಎಣ್ಣೆ ನೀರಿನಂತೆ ತೆಳುವಾಗಿ ಒತ್ತಡ ಹಿಡಿಯದು. ಹಾಲು ಹೆಚ್ಚಾದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ. ಏನೇ ಇರಲಿ, ವರ್ಷಗಟ್ಟಲೆ ನಿಂತ ಎಣ್ಣೆಯನ್ನು ಇಳಿಸಿ, ಹೊಸ ಎಣ್ಣೆ, ಹೊಸ ಫಿಲ್ಟರು ಹಾಕಿರಿ.

ಎರಡನೆಯದಾಗಿ ದೀಪವನ್ನೇ ವಿಚಾರಿಸಿರಿ. ಚಾವಿ ತಿರುಗಿಸಿ, ಇಂಜಿನ್ ಚಾಲೂ ಮಾಡದೆ ನೋಡಿದರೆ ದೀಪ ಹತ್ತಬೇಕು. ಹತ್ತದ ದೀಪ ಇನ್ನೂ ಅಪಾಯ. ಬಲ್ಬು ಸುಟ್ಟಿದ್ದರೆ ಒತ್ತಡ ಇಲ್ಲದಾಗಲೂ ಅದು ಸುಮ್ಮನಿರುತ್ತದೆ. ಹತ್ತಿದ ಮೇಲೆ ಇಂಜಿನ್ನಿನ ಆಯಿಲ್ ಸ್ವಿಚ್ಚಿನಿಂದ ತಂತಿ ಕಳಚಿರಿ. ದೀಪ ಆರಬೇಕು. ಆರದಿದ್ದರೆ ತಂತಿಯ ಹೊದಿಕೆ ಹೋಗಿ ಎಲ್ಲಿಯೋ ತಗಡಿಗೆ ತಾಗುತ್ತಿದೆ. ಆರಿದರೆ ತಂತಿ ಸರಿ. ಸಂಶಯ ಸ್ವಿಚ್ಚಿನ ಮೇಲೆ, ಇಲ್ಲವೆ ನಿಜವಾದ ಒತ್ತಡದ ಮೇಲೆ. ಸ್ವಿಚ್ಚು ಬಿಚ್ಚಿ, ಅದೇ ಜಾಗಕ್ಕೆ ಮುಳ್ಳಿನ ಗೇಜು ಕೂಡಿಸಿದರೆ ಸತ್ಯ ಹೊರಬರುತ್ತದೆ. ಗೇಜು ಇಲ್ಲದೆ ತೀರ್ಪು ಕೊಡುವ ಮಿಸ್ತ್ರಿಯನ್ನು ನಂಬಬೇಡಿ.

ಮೂರನೆಯದು ಪಂಪು. ಬಹುಕಾಲ ನಿಂತ ಗಾಡಿಯಲ್ಲಿ ಹೆಚ್ಚಾಗಿ ತೊಂದರೆ ಇಲ್ಲಿಯೇ. ಊರಿನ ತೋಟದ ಬಾವಿಗೆ ಕೂಡಿಸಿದ ಪಂಪನ್ನು ನೆನೆಯಿರಿ. ಫುಟ್ ವಾಲ್ವ್ ಸೋರಿ ಕೊಳವೆ ಬರಿದಾದರೆ ಮೋಟರು ಎಷ್ಟು ತಿರುಗಿದರೂ ನೀರು ಏರುವುದಿಲ್ಲ. ಒಂದು ಕೊಡ ನೀರು ಹೊಯ್ದರೆ ಹಿಡಿದುಕೊಳ್ಳುತ್ತದೆ. ಎಣ್ಣೆಯ ಪಂಪೂ ಹಾಗೆಯೇ. ವರ್ಷಗಳಲ್ಲಿ ಎಣ್ಣೆಯೆಲ್ಲ ಕೆಳಗಿಳಿದು, ಅದರ ಹಲ್ಲಿನ ಚಕ್ರಗಳು ಒಣಗುತ್ತವೆ. ಒಣ ಚಕ್ರಕ್ಕೆ ಎಣ್ಣೆ ಎಳೆಯುವ ಶಕ್ತಿ ಇಲ್ಲ.

ಮಾಡಬೇಕಾದ್ದು ಇಷ್ಟು. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿಯೊಂದು ತೂತಿಗೆ ಒಂದು ಚಮಚ ಎಣ್ಣೆ ಬಿಡಿರಿ. ಕಾಯಿಲಿನ ತಂತಿ ಕಳಚಿರಿ. ತೂತಿನಿಂದ ಪೆಟ್ರೋಲ್ ಚಿಮ್ಮಬಹುದು; ಬೀಡಿ ಸೇದುವವರು ದೂರ ನಿಲ್ಲಿರಿ. ಹ್ಯಾಂಡಲಿನಿಂದಾಗಲಿ, ಟಾಪ್ ಗೇರಿನಲ್ಲಿ ಗಾಡಿಯನ್ನು ಮೆಲ್ಲನೆ ತಳ್ಳಿಯಾಗಲಿ ಇಂಜಿನ್ ಸಲೀಸಾಗಿ ತಿರುಗುವುದನ್ನು ನೋಡಿಕೊಳ್ಳಿರಿ. ಆಮೇಲೆ ಗಾಡಿಯನ್ನು ನ್ಯೂಟ್ರಲಿಗೆ ಹಾಕಿ ಸೆಲ್ಫ್ ಹೊಡೆಯಿರಿ: ಹತ್ತು ಸೆಕೆಂಡು ಹೊಡೆದು, ಒಂದು ನಿಮಿಷ ಬಿಡಿರಿ. ಪ್ಲಗ್ ಇಲ್ಲದುದರಿಂದ ಬೇರಿಂಗಿನ ಮೇಲೆ ಭಾರವಿರುವುದಿಲ್ಲ. ನಾಲ್ಕೈದು ಸಲ ಮಾಡಿದರೂ ಮುಳ್ಳು ಏಳದಿದ್ದರೆ, ಸ್ವಿಚ್ಚಿನ ತೂತಿನಿಂದ ಎಣ್ಣೆಯ ಕುಪ್ಪಿಯಲ್ಲಿ ಒತ್ತಿ ಎಣ್ಣೆ ತುಂಬಿ ಮತ್ತೆ ನೋಡಿರಿ. ಮೇಲಿನ ಮುಚ್ಚಳದಿಂದ ಡಬ್ಬಿಗಟ್ಟಲೆ ಹೊಯ್ದರೆ ಪ್ರಯೋಜನವಿಲ್ಲ. ಅದು ಪಂಪಿಗೆ ಹೋಗದೆ ಚೇಂಬರಿಗೆ ಇಳಿಯುತ್ತದೆ.

ನಮ್ಮ ಒಬ್ಬ ನಿವೃತ್ತ ಗಿರಣಿ ಕೆಲಸಗಾರರ ಗಾಡಿ ಹೀಗೆಯೇ ಬದುಕಿತು. ಇಂಜಿನ್ ಪೂರಾ ಬಿಚ್ಚಬೇಕೆಂದು ಒಬ್ಬ ಮಿಸ್ತ್ರಿ ಹೇಳಿದ್ದ. ಕೊನೆಗೆ ಖರ್ಚಾದದ್ದು ಎಣ್ಣೆ, ಫಿಲ್ಟರು, ಒಂದು ಮಧ್ಯಾಹ್ನ.

ಇಷ್ಟಕ್ಕೂ ಒಪ್ಪದಿದ್ದರೆ ರಿಲೀಫ್ ವಾಲ್ವ್ ನೋಡಬೇಕು. ಒತ್ತಡ ಮಿತಿ ಮೀರಿದರೆ ಎಣ್ಣೆಯನ್ನು ಹಿಂದಕ್ಕೆ ಬಿಡುವ ಬಾಗಿಲು ಅದು. ಹಳೆಯ ಎಣ್ಣೆ ಅಂಟಾಗಿ ಬಾಗಿಲು ತೆರೆದೇ ಸಿಕ್ಕಿಕೊಂಡರೆ ಒತ್ತಡ ನಿಲ್ಲದು. ಆಮೇಲೆ ಚೇಂಬರು ಇಳಿಸಿ, ಪಂಪಿನ ಜಾಲರಿಗೆ ಕಪ್ಪು ಕೆಸರು ಕಟ್ಟಿದೆಯೋ, ಎಳೆಯುವ ಕೊಳವೆಯ ಜೋಡಣೆಯಲ್ಲಿ ಗಾಳಿ ನುಗ್ಗುತ್ತಿದೆಯೋ ನೋಡಬೇಕು. ಇಂಜಿನ್ ಪೂರಾ ಬಿಚ್ಚುವ ಮಾತು ಇದೆಲ್ಲ ಮುಗಿದ ಮೇಲೆ.

ಬೇರಿಂಗು ಸವೆದುದರ ಗುರುತೇ ಬೇರೆ. ತಣ್ಣಗಿರುವಾಗ ಮುಳ್ಳು ಚೆನ್ನಾಗಿ ಏರುತ್ತದೆ. ಇಂಜಿನ್ ಕಾದ ಮೇಲೆ ಕುಸಿಯುತ್ತದೆ. ಒಳಗಿನಿಂದ ಕುಟ್ಟುವ ಸದ್ದು ಬರುತ್ತದೆ. ಕಾದ ಇಂಜಿನ್ನಿಗೆ ಪ್ರತಿ ಸಾವಿರ ಸುತ್ತಿಗೆ ಸುಮಾರು 10 ಪೌಂಡು ಒತ್ತಡ ಇರಬೇಕೆಂಬುದು ಹಳೆಯ ಮಿಸ್ತ್ರಿಗಳ ಲೆಕ್ಕ. ದಪ್ಪ ಎಣ್ಣೆ ಹಾಕಿ ಮುಳ್ಳನ್ನು ಏರಿಸಬಹುದು. ರೋಗ ಅಡಗೀತು, ವಾಸಿಯಾಗದು. ಸವೆದದ್ದು ನಿಜವಾದರೆ ಖರ್ಚಿಗೆ ಸಿದ್ಧರಾಗಿರಿ, ಇಲ್ಲವೆ ಗಾಡಿಯನ್ನು ಬಿಟ್ಟುಬಿಡಿ. ಸಾಕ್ಷಿ ಸಿಕ್ಕ ಮೇಲೆ ತೀರ್ಪನ್ನು ಒಪ್ಪುವುದೂ ನ್ಯಾಯವೇ.

ದೀಪ ಆರಿತೆಂದು ಒಡನೆ ಇಂಜಿನ್ನನ್ನು ಕೂಗಿಸಬೇಡಿ. ಮೆಲ್ಲನೆ ಓಡಿಸಿ, ಸೋರಿಕೆ ನೋಡಿ, ನೂರು ಕಿಲೋಮೀಟರಿನೊಳಗೆ ಎಣ್ಣೆಯನ್ನು ಮತ್ತೊಮ್ಮೆ ಬದಲಿಸಿರಿ. ತೊಳೆದ ಕೊಳೆಯೆಲ್ಲ ಅದರಲ್ಲಿರುತ್ತದೆ. ಇನ್ನು ಮುಂದೆ ಗಾಡಿ ನಿಲ್ಲಿಸುವವರು ಕಾದ ಇಂಜಿನ್ನಿನ ಒತ್ತಡವನ್ನು ಗೇಜಿನಿಂದ ನೋಡಿ, ತಾರೀಖು ಸಹಿತ ಒಂದು ಚೀಟಿಯಲ್ಲಿ ಬರೆದು ಗಾಡಿಯಲ್ಲಿಡಿ. ನಾಳೆ ಯಾರಾದರೂ ಬೇರಿಂಗು ಹೋಗಿದೆ ಎಂದರೆ, ಆ ಚೀಟಿಯೇ ನಿಮ್ಮ ಸಾಕ್ಷಿ.

ಪ್ರಶ್ನೆಗಳಿದ್ದವರು ಈಗ ಕೇಳಬಹುದು.